ಸವಳಲ್ಲಿ ಉಳಿದ ಗಡ್ಡಿಯದೇ ಬೀಜ

ಮಲಪ್ರಭಾ ಕಾಲುವೆ ಕೆಳಗಿನ ನಮ್ಮ ಎರಡೆಕರೆ ಎರಿ ಹೊಲದಲ್ಲಿ ಈ ಸಲ ಎಕರೆಗೆ ಹತ್ತಿರ ಹತ್ತಿರ 70 ಕ್ವಿಂಟಲ್ ಉಳ್ಳಾಗಡ್ಡಿ ಬಂತು. ಚಲೋ ನೆಲದವರಿಗೆ ಇದು ದೊಡ್ಡದಲ್ಲ. ನಮ್ಮದು ಬೇಸಿಗೆಯಲ್ಲಿ ಉಪ್ಪು ಮೇಲೆದ್ದು ಹಿಟ್ಟು ಚೆಲ್ಲಿದ ಹಾಗೆ ಬೆಳ್ಳಗಾಗುವ ಸವಳು. "ಅಲ್ಲಿ ಹತ್ತಿ ಬಿಟ್ಟು ಏನೂ ಹಾಕಬ್ಯಾಡ್ರಿ, ಬೀಜದ ರೊಕ್ಕ ಸುಮ್ನ ಹೊಕ್ಕೈತಿ" ಅಂತ ಊರಲ್ಲಿ ಹೇಳದವರೇ ಇರಲಿಲ್ಲ.

ಮೊದಲ ವರ್ಷ ಕೂರಿಗೆಯಲ್ಲಿ ಬಿತ್ತಿದೆ. ಮೊಳಕೆ ಭರ್ತಿ ಬಂತು, ಹಿಗ್ಗಿದೆ. ಉಳ್ಳಾಗಡ್ಡಿ ಮೊಳೆಯುವಾಗ ಸವಳನ್ನು ತಾಳಿಕೊಳ್ಳುತ್ತದೆ, ಎಳೆ ಸಸಿಯಾದಾಗ ತಾಳುವುದಿಲ್ಲ. ಎರಡೆಲೆ ಆಗುವುದರೊಳಗೆ ಪಟ್ಟಿ ಪಟ್ಟಿಯಾಗಿ ಒಣಗಿತು. ಮರುವರ್ಷ ಅಂಗಡಿಯವರ ಮಾತು ನಂಬಿ ದುಬಾರಿ ಬೀಜ ತಂದೆ. ಎಲೆ ತುದಿ ಸುಟ್ಟು ಗೋಲಿಯಷ್ಟು ಗಡ್ಡಿ. ಎರಡು ವರ್ಷಕ್ಕೆ 80 ಸಾವಿರ ಮಣ್ಣಾಯಿತು. ಮೂರನೇ ವರ್ಷ ಎಕರೆಗೆ ಎರಡು ಟನ್ ಜಿಪ್ಸಂ ಹಾಕಿದೆ, ನೀರು ಬಸಿದು ಹೊರಹೋಗುವ ಬಸಿಗಾಲುವೆ ತೆಗೆಸದೆ. ಮಣ್ಣಿನಿಂದ ಬಿಡುಗಡೆಯಾದ ಉಪ್ಪು ಹೋಗುವುದೆಲ್ಲಿಗೆ? ಅಲ್ಲೇ ಉಳಿಯಿತು.

ಆದರೆ ಆ ವರ್ಷ ಬಳ್ಳಾರಿ ಕೆಂಪು, ಅರ್ಕಾ ಕಲ್ಯಾಣ್, ತೆಲಗಿ ಕೆಂಪು ಮೂರೂ ತಳಿಯನ್ನು ಸಾಲು ಬಿಟ್ಟು ಸಾಲು ಹಾಕಿದ್ದೆ. ಕೀಳುವಾಗ ನೋಡಿದರೆ, ಎಲ್ಲಕ್ಕಿಂತ ಕೆಟ್ಟ ಮೂಲೆಯಲ್ಲಿ ಸತ್ತ ಸಸಿಗಳ ನಡುವೆ ತೆಲಗಿಯ ನೂರಿಪ್ಪತ್ತು ಗಡ್ಡಿ ನಿಂಬೆಗಾತ್ರಕ್ಕೆ ಬಂದಿದ್ದವು. ಕುತ್ತಿಗೆ ಸಣ್ಣ, ಸಿಪ್ಪೆ ಬಿಗಿ. ಮಾರಲಿಲ್ಲ. ದೀಪಾವಳಿ ಮುಗಿದ ಮೇಲೆ ಬಾವಿ ಹೊಲದಲ್ಲಿ, ಬೇರೆಯವರ ಬೀಜದ ತಾಕಿನಿಂದ ದೂರ ನೆಟ್ಟೆ; ಜೇನು ಊರೆಲ್ಲ ಅಡ್ಡಾಡಿ ಬೇರೆ ತಳಿಯ ಪರಾಗ ತರುತ್ತದಲ್ಲ. ಹೂವಾದ ಮೇಲೆ ಔಷಧಿ ಹೊಡೆಯಲಿಲ್ಲ. ಏಪ್ರಿಲ್ ಹೊತ್ತಿಗೆ ಅರ್ಧ ಕೆಜಿ ಮೇಲೆ ಬೀಜ. ಅದನ್ನು ಮತ್ತೆ ಅದೇ ಕೆಟ್ಟ ಮೂಲೆಗೆ ಹಾಕಿ, ಉಳಿದದ್ದನ್ನೇ ಮತ್ತೆ ಬೀಜಕ್ಕೆ ಬಿಟ್ಟೆ. ಹೀಗೆ ಮೂರು ಸುತ್ತು. ಗಡ್ಡಿ ಆರಿಸುವಾಗ ನಾನು ನೋಡುವ ಇನ್ನೊಂದು ಗುರುತಿದೆ. ಅದನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಬೀಜವೊಂದೇ ಗೆಲ್ಲಿಸಲಿಲ್ಲ, ಅದನ್ನೂ ಹೇಳಬೇಕು. ಸುಮಾರು 40 ಸಾವಿರ ಕೊಟ್ಟು ಬಸಿಗಾಲುವೆ ತೆಗೆಸಿದೆ, ಹಸಿರೆಲೆ ಗೊಬ್ಬರದ ಡಯಾಂಚ ಬೆಳೆಸಿ ಹೂವಾಗುವ ಮೊದಲೇ ಉತ್ತೆ, ನಾಟಿಗೆ ಮುಂಚೆ ಎರಡು ಸಲ ನೀರು ನಿಲ್ಲಿಸಿ ಬಸಿದೆ. ಸಸಿ ಸಿಹಿ ಮಣ್ಣಿನಲ್ಲಿ 50 ದಿನ ಬೆಳೆಸಿದೆ. ಬೋದಿನ, ಅಂದರೆ ಮಣ್ಣು ಏರಿಸಿದ ಸಾಲಿನ, ನೆತ್ತಿಗೆ ನೆಡಲೇಬೇಡಿ, ಉಪ್ಪು ಏರಿ ಕೂಡುವುದೇ ಅಲ್ಲಿ; ಪಕ್ಕದ ಇಳಿಜಾರಿನಲ್ಲಿ, ನೀರಿನ ಗೆರೆಗೆ ಹತ್ತಿರ ನೆಡಿ. ಯೂರಿಯಾ ಬದಲು ಅಮೋನಿಯಂ ಸಲ್ಫೇಟ್ ಕೊಟ್ಟೆ, ಪೊಟ್ಯಾಷಿಗೆ ಸಲ್ಫೇಟ್ ರೂಪದ್ದು. ಎಳೆ ಎಲೆ ಹಳದಿಯಾದಾಗ ಕಬ್ಬಿಣದ ಸಲ್ಫೇಟಿಗೆ ನಿಂಬೆರಸ ಹಾಕಿ ಸಿಂಪಡಿಸಿದೆ. ನಾಟಿಗೆ ಮುಂಚೆ ಬೇರು ಅದ್ದುವ ನೀರಿಗೆ ನಾನು ಬೆರೆಸುವುದನ್ನು ಇನ್ನೆರಡು ಹಂಗಾಮು ನೋಡಿದ ಮೇಲೆ ಬರೆಯುತ್ತೇನೆ.

ನಡುವೆ ಒಂದು ಮಡಿಗೆ ಬೆಳ್ಳುಳ್ಳಿ ಹಾಕಿದ್ದೆ, ಪೂರ್ತಿ ಹೋಯಿತು. ಪಕ್ಕದ ಮಡಿಯ ಬೀಟ್‌ರೂಟ್ ಮಾತ್ರ ಸವಳೇ ಇಲ್ಲವೇನೋ ಅನ್ನುವ ಹಾಗೆ ಬಂತು. ಎಲೆ ಕತ್ತರಿಸಿ ದನಕ್ಕೂ ಹಾಕಿದೆವು.

ಈ ಸಲ ಹುಬ್ಬಳ್ಳಿಯಲ್ಲಿ ಕ್ವಿಂಟಲಿಗೆ ಸರಾಸರಿ 1,800 ಸಿಕ್ಕಿತು. ಖರ್ಚು ಒಂದು ಲಕ್ಷ ದಾಟಿತ್ತು, ತೆಗೆದರೂ ಲಕ್ಷದ ಮೇಲೆ ಉಳಿಯಿತು. ಮಣ್ಣಿನ ಕ್ಷಾರ ಅಳೆಯುವ ಪಿಎಚ್ 8.9 ಇದ್ದದ್ದು 8.4ಕ್ಕೆ ಇಳಿದಿದೆ. ಮುಂದಿನ ಬೀಜಕ್ಕೆ ಆರಿಸಿದ ನಾನೂರು ಗಡ್ಡಿ ಈಗ ಅಟ್ಟದ ಮೇಲೆ ಬಿದಿರಿನ ತಟ್ಟಿಯಲ್ಲಿವೆ.