ಹಾಜರಿ ಪಟ್ಟಿಯ ಆ ಒಂದು ಕಾಲಮ್

ನಮ್ಮ ವಿಶ್ವವಿದ್ಯಾಲಯದ ಸಮಾನ ಅವಕಾಶ ಕೋಶಕ್ಕೆ ನನ್ನನ್ನು ಸಂಯೋಜಕಿ ಮಾಡಿದಾಗ ಕೈಗೆ ಸಿಕ್ಕಿದ್ದು ಒಂದು ಬೀರು, ಅದರ ಕೀಲಿಕೈ, ಒಂದು ರಬ್ಬರ್ ಸ್ಟ್ಯಾಂಪು. ಬೀರುವಿನೊಳಗೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2012ರ ನಿಯಮಾವಳಿಯ ಜೆರಾಕ್ಸ್ ಪ್ರತಿ ಇತ್ತು. ಪಿನ್ನು ತುಕ್ಕು ಹಿಡಿದಿತ್ತು. ಜಾತಿ, ಧರ್ಮ, ಭಾಷೆ, ಲಿಂಗ, ಅಂಗವೈಕಲ್ಯ ಯಾವುದನ್ನೂ ನೋಡಿ ವಿದ್ಯಾರ್ಥಿಗಳಲ್ಲಿ ಭೇದ ಮಾಡಬಾರದು ಅನ್ನುತ್ತದೆ ಅದು. ಒಳ್ಳೆಯ ಮಾತೇ. ಆದರೆ ಸೋಮವಾರ ಬೆಳಿಗ್ಗೆ ಬಂದು ನಾನೇನು ಮಾಡಬೇಕು ಅಂತ ಅದರಲ್ಲಿ ಬರೆದಿರಲಿಲ್ಲ.

ಮೊದಲು ಮಾಡಿದ್ದೇ ಎಡವಟ್ಟು. ಕನ್ನಡ ಮಾಧ್ಯಮದಿಂದ ಬಂದ ಎಂ.ಎ., ಪಿಎಚ್‌.ಡಿ. ಮಕ್ಕಳು ಇಂಗ್ಲಿಷಿನಲ್ಲಿ ಪ್ರಬಂಧ ಬರೆಯಲು ಒದ್ದಾಡುತ್ತಿದ್ದರು. ಅನುದಾನ ಇತ್ತು. ‘ಪರಿಶಿಷ್ಟ ಜಾತಿ ಮತ್ತು ಪಂಗಡದ ವಿದ್ಯಾರ್ಥಿಗಳಿಗೆ ವಿಶೇಷ ಇಂಗ್ಲಿಷ್ ತರಗತಿ’ ಅಂತ ನೋಟಿಸ್ ಹಾಕಿಸಿದೆ. ಸಂಜೆ ಐದಕ್ಕೆ ಹೋಗಿ ಕೂತೆ. ಮೊದಲ ದಿನ ಇಬ್ಬರು ಬಂದರು. ಎರಡನೇ ದಿನ ನಾನು, ಫ್ಯಾನು.

ರಾಯಚೂರು ಕಡೆಯ ಒಬ್ಬ ಹುಡುಗ ಕ್ಯಾಂಟೀನ್ ಹತ್ತಿರ ಸಿಕ್ಕ. ‘ಯಾಕಪ್ಪಾ ಬರಲಿಲ್ಲ?’ ಅಂದೆ. ಟೀ ಲೋಟ ನೋಡುತ್ತಾ ಹೇಳಿದ: ‘ಆ ರೂಮಿನಾಗ ಹೋದ್ರ ಯಾರು ಏನು ಅಂತ ಎಲ್ಲಾರಿಗೂ ಗೊತ್ತಾಗ್ತದ್ರಿ ಮೇಡಂ.’

ಇಪ್ಪತ್ತು ವರ್ಷ ಪಾಠ ಮಾಡಿದವಳಿಗೆ ಇಷ್ಟು ಹೊಳೆಯಲಿಲ್ಲ ಅಂದರೆ ನೋಡಿ.

ನೋಟಿಸ್ ತೆಗೆಸಿದೆ. ಮುಂದಿನ ತಿಂಗಳು ಅದೇ ತರಗತಿಯನ್ನು ಗ್ರಂಥಾಲಯದಲ್ಲಿ ಇಟ್ಟೆ. ಹೆಸರು ‘ಥೀಸಿಸ್ ಬರೆಯೋದು ಹೇಗೆ’. ಎಲ್ಲರೂ ಬರಬಹುದು. ಲೆಕ್ಕಪತ್ರ ವಿಭಾಗದವರು ಸುಮ್ನೆ ಬಿಡಲಿಲ್ಲ. ಆ ದುಡ್ಡನ್ನು ಬೇರೆಯವರಿಗೆ ಖರ್ಚು ಮಾಡೋ ಹಾಗಿಲ್ಲ ಅಂದರು. ಅವರ ಮಾತು ಸರಿಯೇ. ಪುಸ್ತಕ, ಜೆರಾಕ್ಸ್ ಖರ್ಚು ಮಾತ್ರ ಆ ಲೆಕ್ಕದಲ್ಲಿ ಅರ್ಹರಿಗೇ ಹೋಯಿತು. ಪಾಠಕ್ಕೆ ನಾವು ಮೂವರು ಮೇಷ್ಟ್ರುಗಳು ಸಂಭಾವನೆ ತಗೊಳ್ಳಲಿಲ್ಲ. ಸಮಯವನ್ನೂ ನಾಲ್ಕಕ್ಕೆ ತಂದೆವು, ಹಳ್ಳಿಯಿಂದ ಓಡಾಡುವವರಿಗೆ ಬಸ್ ತಪ್ಪಬಾರದು ಅಂತ. ಮಲೆನಾಡಿನ ಗೌಡರ ಮಗಳು ಬಂದಳು, ಬೀದರಿನ ಮುಸ್ಲಿಂ ಹುಡುಗ ಬಂದ, ಕನ್ನಡ ಬಾರದ ಕೇರಳದ ಹುಡುಗಿಯೂ ಬಂದಳು. ಅವರ ನಡುವೆ ನಾನು ಹುಡುಕುತ್ತಿದ್ದವರೂ ಬಂದು ಕೂತರು.

ಮೊದಲ ದಿನ ನನ್ನದೇ ಒಂದು ಹಳೆಯ ಲೇಖನವನ್ನು ಪರದೆ ಮೇಲೆ ಹಾಕಿದೆ. ಸಂಪಾದಕರು ಪೂರ್ತಿ ಕೆಂಪು ಶಾಯಿಯಲ್ಲಿ ಗೀಚಿ ವಾಪಸ್ ಕಳಿಸಿದ್ದು. ಹಿಂದಿನ ಬೆಂಚಲ್ಲಿ ಯಾರೋ ಕಿಸಕ್ಕೆಂದರು. ಅಲ್ಲಿಂದ ಮಾತು ಶುರುವಾಯಿತು. ಆಮೇಲೆ ಒಂದು ಅಭ್ಯಾಸ ಮಾಡಿಸಿದೆವು: ಅಧ್ಯಾಯದಲ್ಲಿ ಹೇಳಬೇಕಾದ್ದನ್ನು ಮೊದಲು ಕನ್ನಡದಲ್ಲಿ ಗೆಳೆಯನಿಗೆ ಹೇಳು, ಮೊಬೈಲಲ್ಲಿ ರೆಕಾರ್ಡ್ ಮಾಡು, ಆಮೇಲೆ ಅದನ್ನು ಕೇಳುತ್ತಾ ಇಂಗ್ಲಿಷಲ್ಲಿ ಬರಿ. ಯೋಚನೆ ಗಟ್ಟಿ ಇದ್ದವರಿಗೆ ಭಾಷೆ ನಿಧಾನಕ್ಕೆ ಒಗ್ಗಿತು. ಯೋಚನೆಯೇ ಇಲ್ಲದವರು, ಕಾನ್ವೆಂಟಿನವರೂ ಸೇರಿ, ಅಲ್ಲೇ ಸಿಕ್ಕಿಬಿದ್ದರು!

ಆ ಹುಡುಗನ ಮಾತು ತಲೆಯಲ್ಲಿ ಉಳಿದಿತ್ತು. ಅದಾದ ಮೇಲೆಯೇ ನನಗೆ ಹಾಜರಿ ಪಟ್ಟಿ ಕಣ್ಣಿಗೆ ಬಿದ್ದದ್ದು. ಪ್ರವೇಶದ ಪಟ್ಟಿಯನ್ನೇ ಪ್ರಿಂಟ್ ತೆಗೆದು ಹಾಜರಿಗೆ ಬಳಸುತ್ತಿದ್ದರು. ಕ್ರಮಸಂಖ್ಯೆ, ಹೆಸರು, ಪಕ್ಕದಲ್ಲಿ ‘ವರ್ಗ’: ಎಸ್‌ಸಿ, ಎಸ್‌ಟಿ, 2ಎ, 3ಬಿ. ಅದು ಬೆಂಚಿನಿಂದ ಬೆಂಚಿಗೆ ದಿನಾ ಓಡಾಡುತ್ತಿತ್ತು. ನಾನೂ ವರ್ಷಗಟ್ಟಲೆ ಅದೇ ಹಾಳೆಗೆ ಸಹಿ ಹಾಕಿದ್ದೆ. ಪ್ರವೇಶಕ್ಕೆ ಆ ಮಾಹಿತಿ ಬೇಕು, ಮೀಸಲಾತಿ ನಡೆಯೋದೇ ಅದರ ಮೇಲೆ. ಹಾಜರಿಗೆ ಯಾಕೆ? ಕೇಳಿದರೆ ಗುಮಾಸ್ತರು, ‘ಎಕ್ಸೆಲಲ್ಲಿ ಹಂಗೇ ಬರುತ್ತೆ ಮೇಡಂ’ ಅಂದರು. ಅವರ ಪಕ್ಕ ಕೂತು ಆ ಕಾಲಮ್ ಅಳಿಸಿದೆ. ಎರಡು ನಿಮಿಷದ ಕೆಲಸ. ಮೂರು ವರ್ಷದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಯಾವುದು ಅಂದರೆ ಇದನ್ನೇ ಹೇಳುತ್ತೇನೆ.

ಇನ್ನೊಂದು, ಫಾಂಟಿನ ಕತೆ. ಕಣ್ಣು ಕಾಣದ ಒಬ್ಬ ವಿದ್ಯಾರ್ಥಿನಿ ಕನ್ನಡ ಎಂ.ಎ.ಗೆ ಸೇರಿದಳು. ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಎ ಹಾಕಿಕೊಂಡಿದ್ದಳು. ಉಚಿತ ತಂತ್ರಾಂಶ, ಪರದೆಯ ಮೇಲಿನದನ್ನು ಓದಿ ಹೇಳುತ್ತದೆ. ನಾವೆಲ್ಲ ಖುಷಿಯಿಂದ ನಮ್ಮ ನೋಟ್ಸ್ ಕೊಟ್ಟೆವು. ಅವಳು ಒಂದು ಫೈಲ್ ತೆರೆದು ನನಗೇ ಕೇಳಿಸಿದಳು. ‘ಕನ್ನಡ’ ಅನ್ನೋ ಪದ ಬಂದಲ್ಲಿ ಯಂತ್ರ ಪಿ, ಪೌಂಡ್, ಕ್ಯೂ ಅಂತ ಏನೇನೋ ಬಡಬಡಿಸಿತು. ನಮ್ಮ ನೋಟ್ಸೆಲ್ಲ ‘ನುಡಿ’ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿದ್ದವು. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಕನ್ನಡವನ್ನು ಒಳಗೂ ಕನ್ನಡವಾಗಿಯೇ ಇಡುವ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಸಿಗುತ್ತವೆ. ಒಂದೆರಡು ಕಡೆ ಅರ್ಕಾವೊತ್ತು ಕೆಡುತ್ತದೆ, ಒಮ್ಮೆ ಓದಿ ತಿದ್ದಬೇಕು. ಅವಳ ಸಹಪಾಠಿಗಳು ಸರದಿ ಹಾಕಿಕೊಂಡು ತಿದ್ದಿದರು. ತಿದ್ದುವ ನೆಪದಲ್ಲಿ ಅವರೂ ಪಾಠ ಓದಿದರು ಅನ್ನಿ. ಸ್ಕ್ಯಾನ್ ಮಾಡಿದ ಪುಸ್ತಕಗಳ ವಿಷಯ ಮಾತ್ರ ಬಗೆಹರಿಯಲಿಲ್ಲ. ಅವನ್ನು ಓದಿ ಧ್ವನಿಮುದ್ರಣ ಮಾಡಿ ಕೊಟ್ಟೆವು.

ಪರೀಕ್ಷೆಯಲ್ಲಿ ಅವಳು ಹೇಳಿದ್ದನ್ನು ಬರೆದುಕೊಡಲು ಒಬ್ಬ ಬರಹಗಾರ್ತಿ ಇದ್ದಳು. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಪ್ರಕಾರ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ. ಮೂರು ಗಂಟೆಯ ಪೇಪರಿಗೆ ಒಂದು ಗಂಟೆ. ಮೇಲ್ವಿಚಾರಕರು ಮೂರನೇ ಗಂಟೆಗೆ ಉತ್ತರಪತ್ರಿಕೆ ಎತ್ತಿಕೊಂಡುಬಿಟ್ಟರು. ಕೆಟ್ಟವರಲ್ಲ, ಗೊತ್ತಿರಲಿಲ್ಲ ಅಷ್ಟೇ. ನಾನು ಓಡಿಹೋಗುವಷ್ಟರಲ್ಲಿ ಪತ್ರಿಕೆಗೆ ದಾರ ಕಟ್ಟಿಯಾಗಿತ್ತು. ಆ ಪೇಪರಲ್ಲಿ ಅವಳು ಎರಡು ಪ್ರಶ್ನೆ ಬಿಟ್ಟಿದ್ದಳು. ಮುಂದಿನ ಸೆಮಿಸ್ಟರಿನಿಂದ ಕುಲಸಚಿವರ ಸಹಿ ಇರುವ ಪತ್ರವನ್ನು ವಿದ್ಯಾರ್ಥಿಯ ಕೈಗೇ ಕೊಡಿಸಿದೆ, ಹಾಲ್ ಟಿಕೆಟ್ ಜೊತೆ ಇಟ್ಟುಕೊಳ್ಳಲು. ಪರೀಕ್ಷಾ ವಿಭಾಗಕ್ಕೆ ಸುತ್ತೋಲೆ ಕಳಿಸಿದರೆ ಸಾಲದು, ಅದು ಕಡತದಲ್ಲೇ ನಿದ್ದೆ ಹೋಗುತ್ತದೆ.

ಪಿಎಚ್‌.ಡಿ. ಹೆಣ್ಣುಮಕ್ಕಳದು ಬೇರೆಯೇ ಗೋಳು. ಒಬ್ಬಾಕೆ ಹೆರಿಗೆಗೆ ಹೋಗುವ ಮುಂಚೆ ನೋಂದಣಿ ರದ್ದು ಮಾಡಿಸಲು ಅರ್ಜಿ ಬರೆದುಕೊಂಡೇ ಬಂದಿದ್ದಳು. ‘ಮಗುವೋ ಥೀಸಿಸ್ಸೋ ಒಂದು ನೋಡಿಕೋ’ ಅಂತ ಯಾರೋ ಅವಳಿಗೆ ಅಂದಿದ್ದರಂತೆ. ಯುಜಿಸಿಯ 2022ರ ನಿಯಮದಲ್ಲಿ ಇಡೀ ಅವಧಿಗೆ 240 ದಿನದವರೆಗೆ ರಜೆ ಕೊಡಲು ಅವಕಾಶವಿದೆ, ಮುಗಿಸುವ ಅವಧಿಯಲ್ಲೂ ಮಹಿಳೆಯರಿಗೆ ಎರಡು ವರ್ಷ ರಿಯಾಯಿತಿ ಇದೆ. ಆ ಪುಟ ತೋರಿಸಿದೆ. ಅರ್ಜಿ ಹರಿದು ಬ್ಯಾಗಿಗೆ ಹಾಕಿಕೊಂಡಳು. ಮಗುವಿಗೆ ಈಗ ಎರಡು ವರ್ಷ, ಥೀಸಿಸ್‌ನ ನಾಲ್ಕು ಅಧ್ಯಾಯ ಮುಗಿದಿವೆ.

ಆಗದೇ ಉಳಿದದ್ದು ಲಿಫ್ಟು. ಒಂದು ವಿಭಾಗ ಎರಡನೇ ಮಹಡಿಯಲ್ಲಿದೆ, ಗಾಲಿಕುರ್ಚಿಯಲ್ಲಿ ಬರುವ ಹುಡುಗನನ್ನು ಗೆಳೆಯರು ಎತ್ತಿಕೊಂಡು ಹೋಗುತ್ತಿದ್ದರು. ಫೋಟೊಗೆ ಚೆನ್ನಾಗಿ ಕಾಣುತ್ತೆ. ಅವನಿಗೆ ಮೈಯೆಲ್ಲ ಹಿಡಿಯಾಗುತ್ತಿತ್ತು. ಮಧ್ಯಾಹ್ನ ಶೌಚಾಲಯಕ್ಕೆ ಹೋಗಬೇಕಾಗುತ್ತೆ ಅಂತ ಬೆಳಿಗ್ಗೆಯಿಂದ ನೀರೇ ಕುಡಿಯುತ್ತಿರಲಿಲ್ಲ. ಲಿಫ್ಟಿಗೆ ಬರೆದೆ. ಅಂದಾಜು ಪಟ್ಟಿ ಆಯಿತು, ಟಿಪ್ಪಣಿ ಆಯಿತು, ಮರುಟಿಪ್ಪಣಿ ಆಯಿತು. ಲಿಫ್ಟು ಬರೋ ಮೊದಲೇ ಕಡತ ಎಷ್ಟೋ ಸಲ ಮಹಡಿ ಹತ್ತಿ ಇಳಿಯಿತು. ಕೊನೆಗೆ ವೇಳಾಪಟ್ಟಿ ಮಾಡುವ ಮೇಷ್ಟ್ರ ಹತ್ತಿರ ಕೂತು, ಆ ಬ್ಯಾಚಿನ ಅಷ್ಟೂ ತರಗತಿಗಳನ್ನು ನೆಲಮಹಡಿಯ ನಮ್ಮ ಸೆಮಿನಾರ್ ಹಾಲಿಗೆ ಬದಲಿಸಿದೆವು. ಹಿರಿಯ ಪ್ರಾಧ್ಯಾಪಕರೊಬ್ಬರು ತಮ್ಮ ರೂಮು ಬಿಟ್ಟು ಇಳಿದು ಬರಬೇಕಲ್ಲ ಅಂತ ಒಂದು ವಾರ ಗೊಣಗಿದರು. ಮಂಡಿ ನೋವಂತೆ.