ಕೋರ್ಟಿನಿಂದ ರೇಡಿಯೋಕ್ಕ, ನಡುವೆ ಐದು ವರ್ಷ ರಾಜಕೀಯ: ನನ್ನ ಅನುಭವ

ನಮ್ಮೂರು ಮಾನ್ವಿ ತಾಲೂಕಿನಾಗ ಅದ, ತುಂಗಭದ್ರಾ ಎಡದಂಡೆ ಕಾಲುವೆ ಕೊನೀ ಭಾಗ. ಮ್ಯಾಲಿನವ್ರು ಭತ್ತ ಹಚ್ಚಿ ಮುಗಿಸಿದ್ರೂ ನಮ್ಮ ತೂಬಿಗೆ ನೀರು ಬಂದಿರ್ತಿರ್ಲಿಲ್ಲ. ನೀರಿಗೆ ಅರ್ಜಿ ಕೊಡೋಕ ನಮ್ಮಪ್ಪ ಪ್ರತಿ ಸಲ ಮತ್ತೊಬ್ರ ಹತ್ರ ಹೋಗಿ ಬರೆಸ್ಕೊಂಡು ಬರ್ತಿದ್ದ, ಅದನ್ನ ನೋಡೀನೇ ನನಗ ಲಾ ಓದ್ಬೇಕು ಅನ್ಸಿದ್ದು.

1996ರಾಗ ಸನದು, ಅಂದ್ರ ವಕೀಲಿಕಿ ಪರವಾನಗಿ ತಗೊಂಡು ರಾಯಚೂರಿನಾಗ ಒಬ್ಬ ಸೀನಿಯರ್ ಹತ್ರ ಸೇರ್ಕೊಂಡೆ. ಮೊದಲ ಮೂರು ವರ್ಷ ಮುದ್ದತ್ತು ಅಂದ್ರ ಮುಂದಿನ ತಾರೀಖು ಕೇಳೋದು, ಫೈಲ್ ಹೊರೋದು, ನಕಲಿಗೆ ಅರ್ಜಿ ಹಾಕೋದು ಇಷ್ಟ. ಆಗ ಹೈಕೋರ್ಟ್ ಅಂದ್ರ ಬೆಂಗಳೂರೇ, ಕಲಬುರಗಿಗೆ ಸಂಚಾರಿ ಪೀಠ ಬಂದದ್ದು 2008ರ ಜುಲೈಗೆ, ಅಲ್ಲೀ ತನಕ ಅಪೀಲು ಅಂದ್ರ ಪಾರ್ಟಿಗಳು ರಾತ್ರಿ ಟ್ರೇನ್ ಹತ್ತಲೇಬೇಕಿತ್ತು.

ಒಂದಿನ ಕೋರ್ಟ್ ಆವರಣದ ಬೇವಿನಮರದ ಕೆಳಗ ಒಬ್ಬ ಮುದುಕಿ ಸೆರಗಿನಾಗಿಂದ ನಾಲ್ಕು ಮಡಿಕೆ ಮಾಡಿದ ನೋಟಿಸ್ ತೆಗೆದು ಕೊಟ್ಲು, "ಎಪ್ಪಾ, ಏನ್ ಬರದಾರ ಇದರಾಗ?" ಅಂದ್ಲು. ಓದಿ ಹೇಳ್ದೆ, ಆಕಿಗೆ ಏನೂ ತಿಳೀಲಿಲ್ಲ, ಯಾಕಂದ್ರ ನಾನು ಹೇಳಿದ್ದೂ ನೋಟಿಸಿನ ಭಾಷೆಯಾಗೇ. ಹೆಣ್ಮಕ್ಕಳಿಗೆ ಆದಾಯ ಎಷ್ಟೇ ಇರ್ಲಿ ಸರ್ಕಾರವೇ ಪುಕ್ಕಟೆ ವಕೀಲರನ್ನ ಕೊಡ್ತದ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 12ನೇ ಕಲಮಿನಾಗ ಅದು ಅದ, ಆಕಿಗೆ ಯಾರೂ ಹೇಳಿರ್ಲಿಲ್ಲ. ಇದನ್ನ ಊರೂರಿಗೆ ಮುಟ್ಟಿಸ್ಬೇಕು ಅಂದ್ರ ರೇಡಿಯೋನೇ ಸೈ ಅಂತ ಅವತ್ತೇ ಮನಸ್ಸಿಗೆ ಬಂತು.

ಜೊತೆಗಾರ ವಕೀಲರು "ಸನದಿಗೆ ತೊಂದ್ರೆ ಆಗ್ತದ ನೋಡು" ಅಂದ್ರು. ಬಾರ್ ಕೌನ್ಸಿಲ್ ನಿಯಮ ತೆಗೆದು ನೋಡಿದೆ. 49ನೇ ನಿಯಮದ ಪ್ರಕಾರ ವಕೀಲಿಕಿ ಮಾಡ್ತಾ ಪೂರ್ಣಾವಧಿ ಸಂಬಳದ ನೌಕರಿ ಮಾಡಂಗಿಲ್ಲ, ಆದ್ರ 51ನೇ ನಿಯಮದಾಗ ಪ್ರಸಾರ, ಪತ್ರಿಕೋದ್ಯಮ, ಪಾಠ ಹೇಳೋದು ಮಾಡ್ಬಹುದು ಅಂತ ಸ್ಪಷ್ಟ ಅದ, ತನ್ನ ಜಾಹೀರಾತು ಮಾತ್ರ ಮಾಡ್ಕೋಬಾರ್ದು. ಈಗ ಯೂಟ್ಯೂಬ್ ಮಾಡೋ ಹುಡುಗ ವಕೀಲರು ಇವೆರಡರ ಜೊತೆ ಜಾಹೀರಾತು ಬ್ಯಾಡ ಅನ್ನೋ 36ನೇ ನಿಯಮಾನೂ ತಪ್ಪದ ಓದ್ರಿ.

ಆಕಾಶವಾಣಿ ವಾಯ್ಸ್ ಟೆಸ್ಟ್‌ನಾಗ ಮೊದಲ ಸಲ ಫೇಲ್ ಆದೆ. ಅಲ್ಲಿನ ಮೇಡಂ "ವಕೀಲ್ರೆ, ದಾವಾ ಓದಿದಂಗಾತು, ಎದುರಿಗೆ ನಿಮ್ಮವ್ವ ಕುಂತಾಳ ಅನ್ಕೊಂಡು ಹೇಳ್ರಿ" ಅಂದ್ರು. ಮನೆಗೆ ಬಂದು ನಂದೇ ಒಂದು ದಾವಾ ತೆಗೆದೆ. "ವಾದಿಯ ಶಾಂತಿಯುತ ಸ್ವಾಧೀನಾನುಭವಕ್ಕೆ ಪ್ರತಿವಾದಿಯು ಅಡ್ಡಿಪಡಿಸದಂತೆ" ಅಂತಿತ್ತು. ಅದನ್ನ ಹೊಡೆದು ಹಾಕಿ "ನೀವು ಉಳಾಕತ್ತಿರೋ ಹೊಲಕ್ಕ ಯಾರೂ ಅಡ್ಡ ಬರಬಾರ್ದು ಅಂತ ಕೋರ್ಟ್ ಹೇಳ್ತದ" ಅಂತ ಬರೆದೆ. ಅವ್ವನ ಮುಂದ ಓದ್ದೆ, ಆಕಿ ರೊಟ್ಟಿ ಬಡಿಯೋದು ನಿಲ್ಲಿಸಿ "ಹೌದಾ, ಹಂಗಾದ್ರ ನಮ್ಮ ತಮ್ಮನ ಹೊಲಕ್ಕೂ ಹಾಕ್ಬಹುದಲ್ಲ?" ಅಂದ್ಲು! ಅಲ್ಲಿಂದ ಮುಂದ ಅವ್ವನಿಗೆ ತಿಳೀದ ಸ್ಕ್ರಿಪ್ಟು ನಾನು ಸ್ಟುಡಿಯೋಕ್ಕ ಒಯ್ದಿಲ್ಲ. ಹಾಳೆಯ ಒಂದೇ ಬದಿ ಬರೀತಿದ್ದೆ, ಪಿನ್ ಹೊಡೀತಿರ್ಲಿಲ್ಲ, ಒಂದು ವಾಕ್ಯ ಎರಡು ಹಾಳೆಗೆ ಹರೀದಂಗ ನೋಡ್ಕೋತಿದ್ದೆ, ಇಲ್ಲಾಂದ್ರ ತಿರುವೋ ಸಪ್ಪಳ ಮೈಕಿನಾಗ ಗಾಳಿ ಬೀಸಿದಂಗ ಕೇಳ್ತದ.

2010ರ ಡಿಸೆಂಬರ್‌ನಾಗ ತಾಲೂಕು ಪಂಚಾಯತಿ ಚುನಾವಣೆ ಬಂತು, ಊರವ್ರು ನಿಲ್ಲು ಅಂದ್ರು. ನಾಮಪತ್ರ ಹಾಕೋಕಿಂತ ಮೊದ್ಲೇ ರೇಡಿಯೋ ಬಿಟ್ಟೆ, ನನ್ನ ದನಿ ಮೇಲಿನ ನಂಬಿಕೆ ಓಟಿಗೆ ಬಳಸೋದು ತಪ್ಪು ಅನ್ಸಿತ್ತು. ಗೆದ್ದೆ. ಆದ್ರ ಪ್ರಚಾರದಾಗ ಕಾಲುವೆ ನೀರು ತರ್ತೀನಿ ಅಂದಿದ್ದೆ, ಅದು ನಾನು ಮಾಡಿದ ದೊಡ್ಡ ತಪ್ಪು. ನೀರು ಯಾವಾಗ, ಎಷ್ಟು ಬಿಡ್ಬೇಕು ಅನ್ನೋದು ನೀರಾವರಿ ಸಲಹಾ ಸಮಿತಿ ಅಂದ್ರ ಐಸಿಸಿ ಮೀಟಿಂಗಿನ ಮಾತು, ತಾಲೂಕು ಮೆಂಬರ್‌ಗೆ ಅಲ್ಲಿ ಕುರ್ಚಿನೇ ಇಲ್ಲ. ಕೈಲಾದದ್ದು ಅಂದ್ರ ನಮ್ಮ ಕಲ್ಯಾಣ ಕರ್ನಾಟಕದವ್ರಿಗೆ ನೌಕರಿ, ಓದಿನಾಗ ಮೀಸಲಾತಿ ಕೊಡೋ ಸಂವಿಧಾನದ 371ಜೆ ಕಲಮು ಬಂದಾಗ ಕಟ್ಟೆ ಮ್ಯಾಲೆ ಕುಂತು ಹುಡುಗರ ಅರ್ಜಿ ತುಂಬ್ಸಿದ್ದು, 1-1-2013ಕ್ಕ ಮುಂಚೆ ಹತ್ತು ವರ್ಷ ಇಲ್ಲೇ ಇದ್ದದ್ದಕ್ಕ ಯಾವ ಕಾಗದ ಹಚ್ಬೇಕು ಅಂತ ಮನಿಮನಿಗೆ ಹೇಳಿದ್ದು.

2016ರಾಗ ಮತ್ತ ನಿಲ್ಲಲಿಲ್ಲ, ರೇಡಿಯೋಕ್ಕ ವಾಪಸ್ ಬಂದೆ. ಮೊದಲ ಮಾತು ಕಾಲುವೆ ನೀರಿಗೆ ಅರ್ಜಿ ಬರೆಯೋದು ಹ್ಯಾಂಗ ಅಂತ: ಯಾರಿಗೆ, ಯಾವ ತೂಬು, ಎಷ್ಟು ಎಕರೆ, ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳೋದು. ವಾರ ಬಿಟ್ಟು ನಮ್ಮ ಊರಿನ ಕಡಿಯವನೊಬ್ಬ ನೋಟ್‌ಬುಕ್ಕಿನ ಹಾಳೆ ಹಿಡ್ಕೊಂಡು ಬಂದ, ಅವಂದೇ ಕೈಬರಹ, ಗೆರೆ ಸೊಟ್ಟ. ಸರ್ವೆ ನಂಬರ್ ಒಂದು ಬಿಟ್ಟಿದ್ದ, ಸೇರ್ಸಿ ಕಳಿಸಿದೆ.