ಪ್ರೊಜೆಕ್ಟರ್ ಪೂರ್ತಿ ಹಳದಿ ಆಗಿತ್ತು, ಸರಿ ಮಾಡಿದ್ದು ಹೀಗೆ

ಸೋಮವಾರಪೇಟೆ ಕಡೆ ಹೈಸ್ಕೂಲಲ್ಲಿ ವಿಜ್ಞಾನ ಹೇಳ್ಕೊಡ್ತೀನಿ. ಕಕ್ಕಡದ (ಕೊಡಗಲ್ಲಿ ಜುಲೈ-ಆಗಸ್ಟ್ ಹೊತ್ತಿನ ತಿಂಗಳು) ಮಳೆ ಹಿಡಿದ್ರೆ ನಮ್ಮಲ್ಲಿ ಪುಸ್ತಕ, ಬ್ಯಾಗು, ಗೋಡೆ ಎಲ್ಲಕ್ಕೂ ಬೂಷ್ಟು, ಸ್ಮಾರ್ಟ್ ಕ್ಲಾಸ್ ರೂಮನ್ನೂ ಬಿಡಲ್ಲ. ಈ ಸಲ ಹತ್ತನೇ ಕ್ಲಾಸಿಗೆ ಹೃದಯದ ಪಾಠ ಶುರು ಮಾಡಿದ್ರೆ ಬಿಳಿ ಜಾಗ ಎಲ್ಲಾ ಹಳದಿ, ನೀಲಿ ರಕ್ತನಾಳ ಎಲ್ಲಾ ಕಪ್ಪು, ಮಕ್ಕಳಿಗೆ ಅಶುದ್ಧ ರಕ್ತ ಯಾವ ಕಡೆ ಹೋಗುತ್ತೆ ಅಂತ ತೋರಿಸೋದು ಹೇಗೆ ಹೇಳಿ. ರಿಪೇರಿಯವರಿಗೆ ಫೋನ್ ಮಾಡಿದ್ರೆ ಲ್ಯಾಂಪ್ ಹೋಗಿದೆ, ಹೊಸದು ಹಾಕ್ಬೇಕು ಅಂದ್ರು. ತುಂಬಾ ಬೇಜಾರಾಯ್ತು.

ಆಗ ಬೆಲ್ ಹೊಡೆಯೋಕೆ ಬಂದ ನಮ್ಮ ಅಟೆಂಡರ್ ಅಣ್ಣ ಬಾಗಿಲಲ್ಲೇ ನಿಂತು ನೋಡಿ, "ಮೇಡಂ, ಲ್ಯಾಂಪ್ ಹೋಗಿಲ್ಲ, ನೀಲಿ ಬರ್ತಿಲ್ಲ ಅಷ್ಟೇ, ಕೇಬಲ್ ಬಿಚ್ಚಿ ನೋಡಣ" ಅಂದ್ರು. ಮೊದಲು ಕುಶಾಲನಗರದಲ್ಲಿ ಟೀವಿ ರಿಪೇರಿ ಅಂಗಡೀಲಿದ್ರಂತೆ, ಇಷ್ಟು ವರ್ಷ ಜೊತೇಲಿದ್ರೂ ನಮಗ್ಯಾರಿಗೂ ಗೊತ್ತೇ ಇರ್ಲಿಲ್ಲ.

ಕಂಪ್ಯೂಟರಿಂದ ಪ್ರೊಜೆಕ್ಟರಿಗೆ ಚಿತ್ರ ಒಯ್ಯೋ ವಿಜಿಎ ಕೇಬಲಲ್ಲಿ 15 ಪಿನ್, ಮೇಲಿನ ಸಾಲಿನ 1, 2, 3ನೇದು ಕ್ರಮವಾಗಿ ಕೆಂಪು, ಹಸಿರು, ನೀಲಿ ಬಣ್ಣದ ಸಿಗ್ನಲ್ ಒಯ್ಯೋದು. ನೀಲಿ ಕಟ್ಟಾದ್ರೆ ಉಳಿದೆರಡು ಸೇರಿ ಬಿಳಿ ಹಳದಿ ಆಗುತ್ತೆ. ನಮ್ಮದ್ರಲ್ಲಿ 3ನೇ ಪಿನ್ ಸ್ವಲ್ಪ ಬಗ್ಗಿ, ಬುಡದಲ್ಲಿ ಹಸಿರು ಕಿಲುಬು ಹಿಡಿದಿತ್ತು. ಎಲ್ಲಾ ಆಫ್ ಮಾಡಿ, ಟ್ವೀಜರಲ್ಲಿ ಮೆಲ್ಲಗೆ ನೆಟ್ಟಗೆ ಮಾಡಿ, ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹಳೇ ಬ್ರಶ್ಶಲ್ಲಿ ಉಜ್ಜಿ, ಪೂರ್ತಿ ಒಣಗಿದ ಮೇಲೆ ಚುಚ್ಚಿದ್ರು, ನೀಲಿ ಬಂತು! ಮಕ್ಕಳು ಚಪ್ಪಾಳೆ ಹೊಡೆದ್ರು, ಅಣ್ಣನ ಮುಖ ನೋಡ್ಬೇಕಿತ್ತು.

ಇನ್ನೊಂದು, ಎಷ್ಟೋ ಕೇಬಲಲ್ಲಿ 9ನೇ ಪಿನ್ ಇರೋದೇ ಇಲ್ಲ, ಮುರಿದಿದೆ ಅಂತ ಗಾಬರಿ ಆಗ್ಬೇಡಿ. ಈಗ ಕೇಬಲನ್ನ ತೇವ ಹೀರೋ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಳದ ಡಬ್ಬೀಲಿ ಇಡ್ತೀವಿ.